ಹುಣಸೆ ತಿರುವಿನಲ್ಲಿ ಬಿದ್ದವರು

ಖಾಲಿ ಕಾಲಂ ಕಂಡರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಬೇವಿನಕಟ್ಟಿಯ ಆರೋಗ್ಯ ಕೇಂದ್ರಕ್ಕೆ ನಾನು ನರ್ಸಾಗಿ ಬಂದು ಹನ್ನೊಂದು ವರ್ಷವಾಯಿತು. ನನಗಿಂತ ಮುಂಚೆ ಇದ್ದವರು ಗಾಯಾಳುಗಳ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಗಾಯ ಇಷ್ಟು ಬರೆದು, ‘ಘಟನೆ ನಡೆದ ಸ್ಥಳ’ ಅನ್ನುವ ಕಾಲಮಿಗೆ ಒಂದು ಅಡ್ಡಗೆರೆ ಎಳೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಹಾಗಲ್ಲ. ಬೈಕಿನಿಂದ ಬಿದ್ದು ಮೊಣಕಾಲು ಕಿತ್ತುಕೊಂಡು ಬಂದವನು ನೋವಿಗೆ ಹಲ್ಲು ಕಚ್ಚಿಕೊಂಡು ಕೂತಿದ್ದರೂ ಸರಿಯೇ, ಗಾಯ ತೊಳೆಯುತ್ತ ಕೇಳಿಯೇ ಕೇಳುತ್ತೇನೆ.

"ಎಲ್ಲಿ ಬಿದ್ರಿ?"

"ಹುಣಸಿ ತಿರುವಿನ್ಯಾಗ್ರಿ, ಬಾಯಾರ."

ಬರೆಯುತ್ತೇನೆ. ಮುಂದಿನವರನ್ನು ಕರೆಯುತ್ತೇನೆ. ಈ ಕಾಲಮನ್ನು ಯಾರಾದರೂ ಒಂದು ದಿನ ಓದುತ್ತಾರೆ ಎಂದು ನಾನು ನಂಬಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಹೋದ ದಸರೆ ಮುಗಿದ ವಾರ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ನಮ್ಮ ಡಾಕ್ಟರು ಶೀಲಾ ಮೇಡಂ ಸವಣೂರಿನವರು, ವಯಸ್ಸು ಚಿಕ್ಕದು, ಪತ್ರಗಳಿಗೆ ಇನ್ನೂ ಹೆದರುತ್ತಾರೆ. ಅದನ್ನು ಮೂರು ಸಲ ಓದಿ ನನ್ನ ಕೈಗೆ ಕೊಟ್ಟರು. ತಿಳವಳ್ಳಿ ಕಡೆಗೆ ಹೋಗುವ ನಮ್ಮೂರ ರಸ್ತೆಯನ್ನು ಸುಧಾರಿಸುತ್ತಾರಂತೆ. ರಸ್ತೆ ಎಲ್ಲಿ ಹೋಗಬೇಕು, ಯಾವ ಜಾಗ ಯಾವುದಕ್ಕೆ ಬಳಕೆಯಾಗಬೇಕು ಎಂದು ನಿರ್ಧರಿಸುವಾಗ ಇನ್ನು ಮುಂದೆ ಆರೋಗ್ಯ ಇಲಾಖೆಯ ಅಭಿಪ್ರಾಯವನ್ನೂ ಪಡೆಯಬೇಕಂತೆ.

"ಸಿಸ್ಟರ್, ರಸ್ತೆಗೂ ನಮಗೂ ಏನ್ರಿ ಸಂಬಂಧ?" ಅಂದರು ಮೇಡಂ.

ನನಗೂ ತಲೆಬುಡ ತಿಳಿಯಲಿಲ್ಲ. ಬೇರೆ ಯಾರಿಗೋ ಬರೆದದ್ದು ತಪ್ಪಿ ನಮಗೆ ಬಂದಿದೆಯೇನೋ ಎಂದು ಲಕೋಟೆ ತಿರುಗಿಸಿ ನೋಡಿದೆವು. ವಿಳಾಸ ನಮ್ಮದೇ ಇತ್ತು. ಕೊನೆಯ ಸಾಲಿಗೆ ಬಂದಾಗ ಮಾತ್ರ ನನ್ನ ಕಣ್ಣು ಅರಳಿತು. ‘ಕಳೆದ ಮೂರು ವರ್ಷಗಳಲ್ಲಿ ಅಪಘಾತ ನಡೆದ ಸ್ಥಳಗಳ ವಿವರ ಲಗತ್ತಿಸುವುದು.’ ನನ್ನ ಕಾಲಮನ್ನು ಕೇಳುವವರು ಕೊನೆಗೂ ಹುಟ್ಟಿದ್ದರು.

ಎರಡು ದಿನ ಕೂತು ಪಟ್ಟಿ ಮಾಡಿದೆ. ನಮ್ಮೂರ ಆಸುಪಾಸಿನಲ್ಲಿ ಗಾಡಿಯಿಂದ ಬಿದ್ದವರು ನಲವತ್ತಾರು ಮಂದಿ. ಅವರಲ್ಲಿ ಹುಣಸೆ ತಿರುವಿನಲ್ಲಿ ಬಿದ್ದವರು ಮೂವತ್ತೊಂಬತ್ತು. ಸ್ಕೇಲಿನಿಂದ ಗೆರೆ ಹೊಡೆದು, ಆ ಮೂವತ್ತೊಂಬತ್ತಕ್ಕೆ ಕೆಂಪು ಮಸಿಯಲ್ಲಿ ಸುತ್ತು ಹಾಕಿ ಕಳಿಸಿದೆ. ಒಂದು ವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಹದಿನೈದು ದಿನದ ಮೇಲೆ ರಸ್ತೆಯ ಎಂಜಿನಿಯರು ಆನಂದ ಅನ್ನುವವರು ಆಸ್ಪತ್ರೆಗೇ ಬಂದರು. ಶಿಗ್ಗಾಂವಿಯವರು, ಬಿಸಿಲಿಗೆ ಸುಟ್ಟ ಮುಖ, ನಗುವುದು ಕಡಿಮೆ. ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ, ಹುಣಸೆ ತಿರುವಿಗೆ ಹಾಕಿದ್ದ ಕೆಂಪು ಸುತ್ತಿನ ಮೇಲೆ ಬೆರಳಿಟ್ಟರು.

"ಸಿಸ್ಟರ್, ಎಲ್ಲಾ ಕಡೆ ‘ಅಭಿಪ್ರಾಯ ಇಲ್ಲ’ ಅಂತ ಬರದು ಕಳಿಸ್ಯಾರ. ನೀವೊಬ್ರ ಹಿಂಗ ಕಳಿಸಿದ್ರಿ. ಈ ತಿರುವು ತಗದ ಬಿಡ್ತೇವಿ. ರಸ್ತೆ ನೆಟ್ಟಗ ಹೊಕ್ಕೈತಿ."

"ನೆಟ್ಟಗ ಅಂದ್ರ ಎಲ್ಲಿ ಹಾದು ಹೋಗ್ತದ್ರಿ?"

"ಆರ ಹುಣಸಿ ಗಿಡ ಅದಾವ. ಒಂದ ಹಂಚಿನ ಮನಿ ಐತಿ. ಅವು ಹೊಕ್ಕಾವ."

ಆ ಹಂಚಿನ ಮನೆ ಅಡಿವೆವ್ವನದು. ಅವಳೂ ಅವಳ ಗಂಡ ಲಕ್ಕಪ್ಪನೂ ಕಲ್ಲು ಹೊತ್ತು ಮಣ್ಣು ಕಲಸಿ ತಾವೇ ಕಟ್ಟಿಕೊಂಡದ್ದು. ಲಕ್ಕಪ್ಪ ಅದಕ್ಕೆ ಹಿಂದಿನ ವರ್ಷ ಕಾರ್ತಿಕದಲ್ಲಿ ಮೊಪೆಡ್ಡಿನಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಹುಬ್ಬಳ್ಳಿಗೆ ಒಯ್ದು ರಾಡು ಹಾಕಿಸಿದರೂ ಎದ್ದು ನಿಲ್ಲಲಿಲ್ಲ. ಅಂದಿನಿಂದ ಪಡಸಾಲೆಯ ಮಂಚವೇ ಅವನ ಊರು. ನನ್ನ ಮೂವತ್ತೊಂಬತ್ತರಲ್ಲಿ ಅವನೂ ಒಬ್ಬ. ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೇನೆ, ಸ್ಥಳ: ಹುಣಸೆ ತಿರುವು.

ಮರುದಿನ ತಿಳವಳ್ಳಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಅಡಿವೆವ್ವನ ಗೋಡೆಯ ಮೇಲೆ ಅಂಗೈ ಅಗಲದ ಕೆಂಪು ಬಣ್ಣದ ಗುರುತು ಬಿದ್ದಿತ್ತು. ನನ್ನ ಕೆಂಪು ಮಸಿಯೇ ಅಲ್ಲಿ ಹೋಗಿ ಕೂತಿದೆ ಅನ್ನಿಸಿತು. ಆದರೆ ತಪ್ಪೇನು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೂವತ್ತೊಂಬತ್ತು ಮಂದಿಯ ಕೈಕಾಲು ದೊಡ್ಡದೋ, ಒಂದು ಮನೆ ದೊಡ್ಡದೋ? ನಾಳೆ ನಲವತ್ತನೆಯವನು ಸತ್ತರೆ?

ಮನಸ್ಸಿಗೆ ಸಮಾಧಾನವಾಗದೆ ಒಂದು ಮಧ್ಯಾಹ್ನ ಹೊರರೋಗಿಗಳು ಮುಗಿದ ಮೇಲೆ ತಿರುವನ್ನು ನೋಡಲು ಹೋದೆ. ಊರಿನಿಂದ ಒಂದೂವರೆ ಕಿಲೋಮೀಟರು ನಡೆಯಬೇಕು. ಗೋವಿನಜೋಳದ ಸುಗ್ಗಿ. ರಸ್ತೆಯ ಅರ್ಧಕ್ಕರ್ಧ ಜೋಳ ಹರವಿ, ಗಾಡಿಗಳು ತುಳಿಯಬಾರದೆಂದು ಅಂಚಿಗೆ ಕಲ್ಲು ಸಾಲಿಟ್ಟಿದ್ದರು. ಹೆಂಗಸರು ಕಾಲಿನಿಂದ ಸಾಲು ಬಿಡಿಸುತ್ತ ಜೋಳ ತಿರುವುತ್ತಿದ್ದರು. ನಮ್ಮದೂ ಇತ್ತು, ನಮ್ಮ ಮನೆಯ ಮುಂದಿನ ಬಾವಿ ಕಟ್ಟೆಯ ಎದುರಿಗೆ, ಪ್ರತಿ ವರ್ಷದಂತೆ. ಇದನ್ನೆಲ್ಲ ನೋಡುತ್ತ ಹೋದೆ ಅನ್ನುವುದೂ ಸುಳ್ಳೇ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ?

ತಿರುವು ಅನ್ನುವ ತಿರುವೂ ಅಲ್ಲ ಅದು. ಮೆಲ್ಲಗೆ ಬಾಗುತ್ತದೆ, ಅಷ್ಟೇ. ಎದುರಿನ ಗಾಡಿ ದೂರದಿಂದಲೇ ಕಾಣುತ್ತದೆ, ಒಂದು ತಗ್ಗಿಲ್ಲ, ಒಂದು ಉಬ್ಬಿಲ್ಲ. ಹುಣಸೆ ಮರಗಳ ನೆರಳು ಮುಂಜಾನೆಯಿಂದ ಸಂಜೆವರೆಗೂ ರಸ್ತೆ ಬಿಟ್ಟು ಕದಲುವುದಿಲ್ಲ. ಒಂದು ಗಂಟೆ ನಿಂತೆ. ಬಸ್ಸು ಹೋಯಿತು, ಟ್ರ್ಯಾಕ್ಟರು ಹೋಯಿತು, ಹತ್ತಿಪ್ಪತ್ತು ಬೈಕು ಹೋದವು. ಬೀಳುವುದಿರಲಿ, ಒಬ್ಬನೂ ಓಲಾಡಲಿಲ್ಲ. ಇಬ್ಬರು ಗಾಡಿ ನಿಲ್ಲಿಸಿ, ಬಸ್ಸು ತಪ್ಪಿತೇನ್ರಿ ಬಾಯಾರ ಎಂದು ಕೇಳಿ ಹೋದರು.

ಅಡಿವೆವ್ವ ಕಟ್ಟೆಯ ಮೇಲೆ ಕೂತು ಕಳೆದ ಬೇಸಿಗೆಯ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬಾ ಎಂದು ಕರೆದು ಮಜ್ಜಿಗೆ ಕೊಟ್ಟಳು. ಗೋಡೆಯ ಮೇಲಿನ ಗುರುತಿನ ಬಗ್ಗೆ ಚಕಾರ ಎತ್ತಲಿಲ್ಲ. ನಾನೇ ಎತ್ತಿದೆ.

"ದೊಡ್ಡವ್ವ, ದಿನಾ ಇಲ್ಲೇ ಕುಂದಿರ್ತಿ. ಮಂದಿ ಇಲ್ಲಿ ಹೆಂಗ ಬೀಳ್ತಾರ, ಏನರ ಕಂಡಿಯೇನು?"

"ಬೀಳ್ತಾರಂತ. ಎಲ್ಲಾರೂ ಹಂಗ ಹೇಳ್ತಾರಲ್ಲ."

"ನೀ ಕಂಡೀಯೋ ಇಲ್ಲೋ?"

"ನಾ ಒಳಗಿರ್ತೇನಿ, ಬಾಯಾರ. ಅಡಗಿ, ನೀರು, ಮುದುಕಂದು. ಎಲ್ಲಿ ನೋಡ್ಲಿ?"

ಮನೆ ಹೋಗುತ್ತದೆ ಅನ್ನುವ ಹೆಂಗಸು ಆಡುವ ಮಾತೇ ಇದು? ಇಲ್ಲಿ ಯಾರೂ ಬಿದ್ದಿಲ್ಲ ಎಂದು ಎದೆ ಬಡಿದುಕೊಂಡು ಹೇಳಬೇಕಿತ್ತು. ಒಳಗಿನ ಮಂಚದಿಂದ ಲಕ್ಕಪ್ಪ ಕೆಮ್ಮಿದ. ಏನೋ ಹೇಳಲು ಬಾಯಿ ತೆರೆದಂತೆ ಕೇಳಿತು. ಅಡಿವೆವ್ವ ತಿರುಗಿ ನೋಡಿದಳು. ಕೆಮ್ಮು ನಿಂತಿತು.

ಊರಿಗೆ ಬಂದು ಹಿಟ್ಟಿನ ಗಿರಣಿಯ ಉಳಿವೆಪ್ಪನನ್ನು ಹಿಡಿದೆ. ಅವನು ಎರಡು ಸಲ ಬಿದ್ದವನು, ಎರಡು ಸಲವೂ ತಿರುವಿನಲ್ಲಿ.

"ಉಳಿವೆಪ್ಪಣ್ಣ, ಖರೇ ಯಾವ ಜಾಗಾದಾಗ ಬಿದ್ದಿ? ಯಾವ ಗಿಡದ ಹತ್ರ?"

"ಎರಡನೇ ಗಿಡ. ಅಲ್ಲಲ್ಲ, ಮೂರನೇದು."

"ಎಡಕ್ಕೋ ಬಲಕ್ಕೋ?"

"ಬಿದ್ದಾವ ಗಿಡ ಎಣಸ್ಕೋತ ಬೀಳ್ತಾನೇನ್ರಿ?" ಎಂದು ಗಿರಣಿಯ ಬಟನ್ ಒತ್ತಿಬಿಟ್ಟ. ಆ ಸದ್ದಿನಲ್ಲಿ ಇನ್ನೇನು ಕೇಳುವುದು.

ಹೀಗೇ ಐದಾರು ಮಂದಿಯನ್ನು ಕೇಳಿದೆ. ಒಬ್ಬನಿಗೆ ನಾಯಿ ಅಡ್ಡ ಬಂದಿತ್ತು, ನಾಯಿಯ ಬಣ್ಣ ನೆನಪಿಲ್ಲ. ಇನ್ನೊಬ್ಬನಿಗೆ ತಗ್ಗು ಕಾಣಲಿಲ್ಲ, ತಗ್ಗು ಇಲ್ಲವೇ ಇಲ್ಲ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಮನೆಯಲ್ಲಿ ನನ್ನ ಗಂಡ ಮಹಾಲಿಂಗಪ್ಪನ ಮುಂದೆ ಹೇಳಿಕೊಂಡರೆ, "ತಿರುವು ಅಂದ್ಮ್ಯಾಲೆ ಬೀಳ್ತಾರ. ಅದರಾಗೇನೈತಿ?" ಎಂದು ರೊಟ್ಟಿ ಮುರಿಯುತ್ತ ಕೂತರು. ಅಂಥ ಶಾಂತ ಮನುಷ್ಯ. ದಿನಾ ಮುಂಜಾನೆ ಚಹಾ ಕುಡಿಯುವ ಮುಂಚೆ ತಿರುವಿನವರೆಗೆ ಹೋಗಿ ಲಕ್ಕಪ್ಪನನ್ನು ಎತ್ತಿ, ಪಾಯಖಾನೆಗೆ ಒಯ್ದು, ಮೈ ತೊಳೆಸಿ ಬರುತ್ತಾರೆ. ಒಂದು ವರ್ಷದಿಂದ ಒಂದು ದಿನ ತಪ್ಪಿಲ್ಲ. ಎಂಥ ಮನುಷ್ಯನನ್ನು ಮಾಡಿಕೊಂಡೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಸೋಮವಾರ ಒಬ್ಬ ಅಂಗೈ ಹರಿದುಕೊಂಡು ಬಂದ. ಸ್ಥಳ, ಕೇಳಬೇಕೇ, ಹುಣಸೆ ತಿರುವು. ಚಿಮಟಿಗೆಯಿಂದ ಗಾಯದೊಳಗಿನ ಚೂರುಗಳನ್ನು ತೆಗೆದು ಟ್ರೇಗೆ ಹಾಕುತ್ತಿದ್ದೆ. ಟಣ್ ಎಂದು ಸದ್ದಾಯಿತು. ನೋಡಿದರೆ ಒಂದು ಗೋವಿನಜೋಳದ ಕಾಳು.

ಊರಿನಿಂದ ತಿರುವಿನವರೆಗೆ ರಸ್ತೆಯೆಲ್ಲ ಹಳದಿ, ತಿರುವಿನಲ್ಲಿ ಮಾತ್ರ ಕಪ್ಪು ಡಾಂಬರು. ನೆರಳಿನಲ್ಲಿ ಜೋಳ ಒಣಗುವುದಿಲ್ಲ, ಅಲ್ಲಿ ಯಾರೂ ಹರವುವುದಿಲ್ಲ. ಹಾಗಾದರೆ ಈ ಕಾಳು ಇವನ ಕೈಯೊಳಗೆ ಎಲ್ಲಿಂದ ಬಂತು? ಹನ್ನೊಂದು ವರ್ಷದಿಂದ ನಾನೇ ಮೊಣಕಾಲು, ಮೊಣಕೈ, ಗಲ್ಲಗಳಿಂದ ಇಂಥ ಕಾಳು ತೆಗೆದು ಕಸದ ಬುಟ್ಟಿಗೆ ಚೆಲ್ಲಿದ್ದೇನೆ. ಸೇರುಗಟ್ಟಲೆ ಆಗಿರಬೇಕು. ಕಣ್ಣಿಂದ ಕಂಡದ್ದನ್ನು ಬಿಟ್ಟು, ಕಿವಿಯಿಂದ ಕೇಳಿದ್ದನ್ನು ಬರೆದಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ನೀ ತಿರುವಿನ್ಯಾಗ ಬಿದ್ದಿಲ್ಲ," ಅಂದೆ.

ಅವನು ಕಾಳನ್ನು ನೋಡಿದ, ನನ್ನನ್ನು ನೋಡಿದ, ಅರ್ಧ ಕಟ್ಟಿದ ಪಟ್ಟಿಯನ್ನು ಹಲ್ಲಿನಿಂದ ಗಂಟು ಹಾಕಿಕೊಂಡು ಎದ್ದು ಹೋದ.

ಕಾಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಅವತ್ತೇ ಮಧ್ಯಾಹ್ನ ಲಕ್ಕಪ್ಪನ ಮಂಚದ ಹತ್ತಿರ ಹೋಗಿ ಕೂತೆ. ಹತ್ತಿ ಬಿಚ್ಚಿ ಅವನ ಕೈಗೆ ಕೊಟ್ಟೆ. ಮುದುಕ ಕಾಳನ್ನು ಬೆರಳಲ್ಲಿ ಹೊರಳಿಸಿ ನಕ್ಕ.

"ದೊಡ್ಡಪ್ಪ, ನೀನೂ ಇಲ್ಲಿ ಬಿದ್ದಿಲ್ಲ. ಹೌದಿಲ್ಲೊ?"

"ಸುಮ್ನಿರ್ರಿ," ಅಂದಳು ಅಡಿವೆವ್ವ ಒಲೆಯ ಮುಂದಿನಿಂದ.

"ಕೇಳಾಕತ್ತಾಳ, ಹೇಳ್ತೇನಿ. ನೋಡ್ ತಂಗಿ, ಕಾಳಿನ ಮ್ಯಾಲೆ ದೂರು ಹೇಳಬಾರದು. ಇಂಥಾವನ ಜ್ವಾಳದಾಗ ಜಾರಿ ಬಿದ್ದೆ ಅಂದ್ರ ಪೊಲೀಸ್ರು ಬರ್ತಾರ, ಕೇಸ್ ಆಗ್ತೈತಿ. ಅವನೂ ನಮ್ಮಾವನ. ನಾಳೆ ನನ್ನ ಜ್ವಾಳದಾಗ ಅವ ಬೀಳ್ತಾನ. ತಿರುವಿನ್ಯಾಗ ಯಾರ ಕಾಳೂ ಇರೂದಿಲ್ಲ. ಅದಕ್ಕ ಎಲ್ಲಾರೂ ತಿರುವು ಅಂತೀವಿ. ತಿರುವಿಗೆ ಏನ್ ಅಂದ್ರೂ ಸಿಟ್ಟ ಬರೂದಿಲ್ಲಲ್ಲ."

ಊರಿಗೆ ಊರೇ ನನಗೊಬ್ಬಳಿಗೆ ಸುಳ್ಳು ಹೇಳಿತ್ತು. ಯಾರೂ ಕೂಡಿ ಮಾತಾಡಿಕೊಂಡದ್ದಲ್ಲ, ಮರ್ಯಾದೆಗೆಂದು. ನಾನು ಅದಕ್ಕೆಲ್ಲ ಸ್ಕೇಲಿನಿಂದ ಗೆರೆ ಹೊಡೆದೆ.

"ಮದಲ ಊರ ಕಣ ಇತ್ತು," ಅಂದ ಲಕ್ಕಪ್ಪ. "ಎಲ್ಲಾರ ರಾಶಿ ಅಲ್ಲೇ. ಆಮ್ಯಾಲ ಆ ಜಾಗಾದಾಗ ನಿಮ್ಮ ದವಾಖಾನಿ ಕಟ್ಟಿದ್ರು. ಚೊಲೋ ಆತು ಅಂದ್ವಿ. ಜ್ವಾಳ ಎಲ್ಲಿ ಹೋಗಬೇಕು? ರಸ್ತೆಕ್ಕ ಹೋತು. ನಾವು ರಸ್ತೆದಾಗ ಬಿದ್ದು ದವಾಖಾನಿಗೆ ಬಂದ್ವಿ."

ನಾನು ಹುಟ್ಟಿದ ಅಬಲೂರಿನಲ್ಲಿ ನಮ್ಮಪ್ಪನಿಗೆ ಕಣವಿತ್ತು. ಈ ಊರಿಗೆ ಯಾಕಿಲ್ಲ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಆ ಕಣದ ಮೇಲೆಯೇ ಹನ್ನೊಂದು ವರ್ಷದಿಂದ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದೇನೆ.

"ನೀನು ಬಿದ್ದದ್ದು ಯಾರ ಜ್ವಾಳದಾಗ, ದೊಡ್ಡಪ್ಪ?"

ಅಡಿವೆವ್ವ ಒಲೆಯನ್ನು ಬಿಟ್ಟು ಎದ್ದು ಬಂದಳು. ಲಕ್ಕಪ್ಪ ಅವಳನ್ನು ನೋಡಲಿಲ್ಲ, ಸೂರಿನ ಕಡೆ ನೋಡಿದ.

"ನಿಮ್ಮದರಾಗ. ಬಾವಿ ಕಟ್ಟಿ ಮುಂದ. ಅವತ್ತ ನಿಮ್ಮ ಜ್ವಾಳ ಭಾಳ ಚೊಲೋ ಒಣಗಿತ್ತವ್ವ. ಗೋಲಿಯಂಗ ಉಳ್ಳಾಡ್ತಿದ್ವು."

ಅವತ್ತಿನದು ಒಂದೊಂದಾಗಿ ನೆನಪಿಗೆ ಬಂತು. ಲಕ್ಕಪ್ಪನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದವರು ನನ್ನ ಗಂಡನೇ. ದಾರಿಯಲ್ಲಿ ಬಿದ್ದಿದ್ದ, ಎತ್ತಿಕೊಂಡು ಬಂದೆ ಅಂದಿದ್ದರು. ಎಲ್ಲಿ ಬಿದ್ದೆ ಎಂದು ನಾನು ಕೇಳಿದಾಗ ಲಕ್ಕಪ್ಪ ನೋವಿನಲ್ಲೂ ಒಂದು ಗಳಿಗೆ ಅವರ ಮುಖ ನೋಡಿದ್ದ. ಆಮೇಲೆ, ಹುಣಸಿ ತಿರುವು ಅಂದಿದ್ದ. ನಾನು ಬರೆದುಕೊಂಡಿದ್ದೆ.

ಮನೆಗೆ ಬಂದು ಕೇಳಿದೆ. "ನೀವ್ಯಾಕ ಹೇಳಲಿಲ್ಲ?"

"ನೀ ನನ್ನ ಕೇಳಲಿಲ್ಲ," ಅಂದರು. "ಅವನ್ನ ಕೇಳಿದಿ. ಅವ ಹಂಗ ಹೇಳಿದ ಮ್ಯಾಲೆ ನಾ ಬಾಯಿ ತಗದ್ರ ಅವನ ಮಾತು ಸುಳ್ಳ ಮಾಡಿದಂಗ ಆಗ್ತಿತ್ತು. ಅದಕ್ಕ ದಿನಾ ಹೋಗಿ ಎತ್ತತೇನಿ."

ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಗುರುವಾರ ಪಂಚಾಯ್ತಿಯಲ್ಲಿ ರಸ್ತೆಯ ಸಭೆ ಇತ್ತು, ನಾನು ಹೇಳಿಬಿಡುತ್ತೇನೆ ಅಂದೆ. ಅವರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಸಭೆಗೆ ಊರಿನ ಗಂಡಸರೆಲ್ಲ ಬಂದಿದ್ದರು. ಹೆಂಗಸರೆಂದರೆ ಶೀಲಾ ಮೇಡಂ, ನಾನು, ಬಾಗಿಲ ಹತ್ತಿರ ಸೆರಗು ಹೊದ್ದು ಕೂತ ಅಡಿವೆವ್ವ. ಆನಂದ ಅವರು ನಕ್ಷೆಯನ್ನು ಗೋಡೆಗೆ ಹಚ್ಚಿ, ಆರೋಗ್ಯ ಇಲಾಖೆಯವರ ಮಾತು ಮೊದಲು ಕೇಳೋಣ ಅಂದರು. ಮೇಡಂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ.

"ನಾ ಕೊಟ್ಟ ಪಟ್ಟಿ ತಪ್ಪೈತಿ. ತಿರುವಿನ್ಯಾಗ ಯಾರೂ ಬಿದ್ದಿಲ್ಲ. ರಸ್ತೆ ಮ್ಯಾಲೆ ಹರವಿದ ಕಾಳಿನ್ಯಾಗ ಜಾರಿ ಬಿದ್ದಾರ. ಲಕ್ಕಪ್ಪ ದೊಡ್ಡಪ್ಪ ಬಿದ್ದದ್ದು ನಮ್ಮ ಬಾವಿ ಕಟ್ಟಿ ಮುಂದ, ನಮ್ಮ ಜ್ವಾಳದಾಗ. ಬರಕೋರಿ."

ನನ್ನ ಗಂಡ ಕಿಟಕಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು. ಆಗ ಬಾಗಿಲ ಹತ್ತಿರದಿಂದ ಅಡಿವೆವ್ವ ಎದ್ದಳು.

"ಇಲ್ರಿ ಸಾಹೇಬ್ರ. ನನ್ನ ಗಂಡ ತಿರುವಿನ್ಯಾಗ ಬಿದ್ದಾನ. ನಮ್ಮನಿ ಮುಂದ. ನಾ ಕಣ್ಣಾರೆ ಕಂಡೇನಿ."

ಆನಂದ ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮನೆ ಕಳೆದುಕೊಳ್ಳುವವಳು ಇಲ್ಲೇ ಬಿದ್ದ ಅನ್ನುತ್ತಾಳೆ, ಜೋಳ ಹರವಿದವಳು ನಮ್ಮದರಲ್ಲೇ ಬಿದ್ದ ಅನ್ನುತ್ತಾಳೆ. "ನಿಮ್ಮಿಬ್ಬರಾಗ ನಾ ಯಾರನ್ನ ನಂಬಲಿ?" ಎಂದು ಸಭೆಯ ಕಡೆ ತಿರುಗಿದರು. ಎಲ್ಲರೂ, ಉಳಿವೆಪ್ಪ ಎಲ್ಲರಿಗಿಂತ ಮುಂದಾಗಿ, ಅಡಿವೆವ್ವನ ಕಡೆ ಕೈ ತೋರಿಸಿದರು. ಮುದುಕಿಯ ಮಾತಿಗೆ ಸಾಕ್ಷಿ ಹೇಳಿ ಅವಳ ಮನೆಯನ್ನೇ ಕೆಡವಲು ನಿಂತಿದ್ದೇವೆ ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ. ತಿಳಿದಿದ್ದರೆ ಅದನ್ನು ಹೇಗೆ ತಡೆದುಕೊಂಡರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೊನೆಗೆ ಆನಂದ ಅವರು ಒಂದು ಗಡುವು ಕೊಟ್ಟರು. ಸಂಕ್ರಾಂತಿಯವರೆಗೆ ಬಿದ್ದವರು ಸರಿಯಾಗಿ ಎಲ್ಲಿ ಬಿದ್ದರು ಎಂದು ಹೊಸದಾಗಿ ಬರೆಯಬೇಕು. ಕಾಳೇ ಕಾರಣ ಅಂತಾದರೆ ತಿರುವನ್ನು ಮುಟ್ಟುವುದಿಲ್ಲ, ಊರಿಗೊಂದು ಕಣಕ್ಕೆ ಜಾಗ ಹುಡುಕುವುದು. ಇಲ್ಲದಿದ್ದರೆ ಹಳೆಯ ಪಟ್ಟಿಯೇ ಗತಿ, ಮನೆ ಹೋಗುತ್ತದೆ. ಆಸ್ಪತ್ರೆಯ ಹಿಂದೆ ಕಾಂಗ್ರೆಸ್ ಕಸ ಬೆಳೆದು ಒಂದೂವರೆ ಎಕರೆ ಖಾಲಿ ಬಿದ್ದಿದೆ ಎಂದು ನಾನು ಹೇಳಿದೆ. ಮೇಡಂ ಗಾಬರಿಯಾಗಿ ನನ್ನ ಸೆರಗು ಜಗ್ಗಿದರು.

ಹೊರಗೆ ಅಡಿವೆವ್ವ ನನ್ನನ್ನು ಕಾದು ನಿಂತಿದ್ದಳು. ನನಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತ್ತು. ಅವಳು ಹತ್ತಿರ ಬರಗೊಡಲಿಲ್ಲ.

"ನಾಕ ಮಂದ್ಯಾಗ ಗಂಡನ ಹೆಸರು ಕೆಡಿಸಿದಿ. ಅಂವಾ ದಿನಾ ಬಂದು ನನ್ನ ಮುದುಕನ್ನ ಎತ್ತತಾನ. ನನ್ನ ಕೈಲೆ ಆಗೂದಿಲ್ಲ. ನಾಳೆ ಬರಲಿಲ್ಲಂದ್ರ ನಾ ಯಾರನ್ನ ಕರೀಲಿ? ನೀ ಎತ್ತತೀ?"

ನಾನು ಅವಳ ಮನೆಯ ಲೆಕ್ಕ ಹಾಕಿದ್ದೆ, ಅವಳು ಮುಂಜಾನೆಗಳ ಲೆಕ್ಕ ಹಾಕಿದ್ದಳು.

ಮರುದಿನ ಮುಂಜಾನೆ ನನ್ನ ಗಂಡ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತರು. ಇವತ್ತು ಹೋಗುವುದಿಲ್ಲ ಅಂದುಕೊಂಡೆ. ಚಪ್ಪಲಿ ಮೆಟ್ಟಿ ಹೋದರು. ಬರುವಾಗ ಕೈಯಲ್ಲಿ ಅಡಿವೆವ್ವ ಕಳಿಸಿದ ಹುಣಸೆಹಣ್ಣಿನ ಉಂಡೆ ಇತ್ತು. ಅದು ನನಗೆಂದೋ ಅವರಿಗೆಂದೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವತ್ತೇ ನಮ್ಮ ಜೋಳವನ್ನೆಲ್ಲ ರಸ್ತೆಯಿಂದ ಬಳಿದು ಹೊಲದಲ್ಲಿ ತಾಡಪಾಲು ಹಾಸಿ ಹರವಿದರು. ಬಾವಿ ಕಟ್ಟೆಯ ಮುಂದೆ ಒಂದು ಕಾಳೂ ಉಳಿಯಲಿಲ್ಲ. ಇನ್ನು ಜನ ನಿಜ ಹೇಳುತ್ತಾರೆ ಎಂದು ಹೊಸ ಪುಟ ತೆರೆದು ಕೂತೆ. ಮೂರನೆಯ ದಿನ ಒಬ್ಬ ಬಂದ, ಮೊಣಕಾಲು ರಕ್ತ.

"ಎಲ್ಲಿ ಬಿದ್ರಿ?"

"ನಿಮ್ಮ ಬಾವಿ ಕಟ್ಟಿ ಮುಂದರಿ, ಬಾಯಾರ."

"ಅಲ್ಲಿ ಜ್ವಾಳನ ಇಲ್ಲಲ್ಲ?"

"ಇಲ್ಲೇನ್ರಿ? ಆದ್ರೂ ಅಲ್ಲೇ ಬರಕೋರಿ. ನೀವು ಹೆಂಗೂ ಒಪ್ಪಿಕೊಂಡೀರಲ್ಲ."

ಹದಿನೈದು ದಿನದಲ್ಲಿ ಐದು ಮಂದಿ ಬಿದ್ದರು, ಐವರೂ ನಮ್ಮ ಬಾವಿ ಕಟ್ಟೆಯ ಮುಂದೆ. ಯಾರ ಮುಖದಲ್ಲೂ ಕುಚೋದ್ಯವಿರಲಿಲ್ಲ. ನನಗೆ ಸಹಾಯ ಮಾಡುತ್ತಿದ್ದೇವೆ ಅನ್ನುವ ಭಾವವೇ ಇತ್ತು. ಸಿಟ್ಟು ಬಾರದ ಇನ್ನೊಂದು ಜಾಗ ಅವರಿಗೆ ಸಿಕ್ಕಿತ್ತು, ಅಷ್ಟೇ.

ಆನಂದ ಅವರು ಫೋನು ಮಾಡಿದರು. "ಸಿಸ್ಟರ್, ಹಿಂಗಾದ್ರ ಆಗೂದಿಲ್ಲ. ಮೂರು ವರ್ಷ ತಿರುವು, ಈಗ ಒಮ್ಮೆಲೆ ನಿಮ್ಮನಿ ಮುಂದ. ಮುದುಕಿನ್ನ ಉಳಸಾಕ ನರ್ಸ ಕೂತು ಬರದಾಳ ಅಂತಾರ ಮ್ಯಾಲಿನವ್ರು. ಸಂಕ್ರಾಂತಿ ಎಂಟ ದಿನ ಉಳದೈತಿ."

ಆ ಎಂಟು ದಿನದಲ್ಲಿ ಆರು ದಿನ ಯಾರೂ ಬೀಳಲಿಲ್ಲ. ದೇವರೇ, ಯಾರಾದರೂ ಒಬ್ಬರು ಬೀಳಲಿ ಎಂದು ಕೇಳಿಕೊಂಡ ನರ್ಸು ನಾನೊಬ್ಬಳೇ ಇರಬೇಕು. ಏಳನೆಯ ದಿನ ಮಧ್ಯಾಹ್ನ ಗಿರಣಿಯ ಉಳಿವೆಪ್ಪ ಕುಂಟುತ್ತ ಬಂದು ಬೆಂಚಿನ ಮೇಲೆ ಕೂತ. ಪೈಜಾಮ ಹರಿದು ಮೊಣಕಾಲು ತೆರೆದುಕೊಂಡಿತ್ತು.

ನಾನು ಕೇಳುವ ಮುಂಚೆಯೇ ಅವನು ಹೇಳಿದ. "ನಿಮ್ಮನಿ ಮುಂದ, ಬರಕೋರಿ."

ನಾನು ಗಾಯ ತೊಳೆದೆ. ಚರ್ಮದೊಳಗೆ ಮುಳ್ಳಿನಂತೆ ನಾಟಿದ್ದನ್ನು ಚಿಮಟಿಗೆಯಿಂದ ಎಳೆದು, ಈ ಸಲ ಟ್ರೇಗೆ ಹಾಕದೆ ಅವನ ಅಂಗೈಯಲ್ಲಿ ಇಟ್ಟೆ. ಭತ್ತದ ಕಾಳು. ನಮ್ಮ ಹೊಲಕ್ಕೆ ನೀರಿಲ್ಲ, ನಾವು ಭತ್ತ ಬೆಳೆದವರೇ ಅಲ್ಲ. ಕೆರೆಯ ಕೆಳಗೆ ಭತ್ತ ಬೆಳೆದು ರಸ್ತೆಗೆ ಹರವುವವನು ಊರಿನಲ್ಲಿ ಒಬ್ಬನೇ, ಉಳಿವೆಪ್ಪನ ಷಡ್ಡಕ ಮೃತ್ಯುಂಜಯ.

"ಉಳಿವೆಪ್ಪಣ್ಣ, ನೀನ ಎರಡ ಸಲ ತಿರುವು ಅಂದಿ. ಆ ಎರಡೂ ಅಡಿವೆವ್ವನ ಗ್ವಾಡಿ ಮ್ಯಾಲೆ ಕೆಂಪಗ ಕುಂತಾವ. ನಾಡಿದ್ದ ಸಂಕ್ರಾಂತಿ. ಆಮ್ಯಾಲ ಲಕ್ಕಪ್ಪನ ಮಂಚ ಎಲ್ಲಿ ಹಾಕೂದು, ನೀನ ಹೇಳು."

ಅವನು ಕಾಳನ್ನು ಬೆರಳಲ್ಲಿ ತಿಕ್ಕಿ ನೋಡಿದ. ಗಾಯಕ್ಕೆ ಔಷಧ ಹಚ್ಚಿದಾಗಲೂ ಹಾ ಅನ್ನಲಿಲ್ಲ. ನಾನು ಪಟ್ಟಿ ಕಟ್ಟಿ ಮುಗಿಸಿ, ರಿಜಿಸ್ಟರು ತೆರೆದು, ಪೆನ್ನು ಹಿಡಿದು ಕೂತೆ. ಹೊರಗೆ ಯಾರದೋ ಬೈಕು ಹೋಯಿತು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಮೃತ್ಯುಂಜಯನ ಗದ್ದಿ ಮುಂದ," ಅಂದ. "ಸಣ್ಣಾಗಿ ಬರೀರಿ."

ನಾನು ಯಾವಾಗಲೂ ಬರೆಯುವಷ್ಟೇ ದಪ್ಪಗೆ ಬರೆದೆ. ಅವನು ಕತ್ತು ಚಾಚಿ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದ. ಕಾಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

"ಇನ್ನಷ್ಟ ಸಣ್ಣಾಗಿ ಬರೀಬಹುದಿತ್ತು," ಅಂದ.